ಅಣುಸ್ಥಾವರಕ್ಕೆ ಹೋದ ಹಮ್ಮು

ಎಲ್ಲರನ್ನೂ ಕಾಯುವ ಭಗವಂತ ಪೆದ್ದರನ್ನು ತುಸು ಹೆಚ್ಚೇ ಕಾಯುತ್ತಾನೆ. ಇಲ್ಲದಿದ್ದರೆ ನಾಗಿಯ ಮಗ ಹಮ್ಮು ಇಷ್ಟು ದೊಡ್ಡವನಾಗುತ್ತಿದ್ದನೇ? ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದಕ್ಕೇ ಯಾವ ಕೆಲಸದಲ್ಲೂ ನಿಂತವನಲ್ಲ.

ಅಣುವಿದ್ಯುತ್ ಸ್ಥಾವರದ ತೋಟಕ್ಕೆ ಆಳು ಬೇಕೆಂದು, ಅಲ್ಲಿಯ ಕ್ಯಾಂಟೀನಿನಲ್ಲಿದ್ದ ನಾಗಿಯ ತಮ್ಮ ದೇವು ಹೇಳಿಕಳಿಸಿದ. ನಾಗಿ ದೇವರಿಗೆ ತುಪ್ಪದ ದೀಪ ಹರಸಿಕೊಂಡಳು.

“ಇದೂ ಕೈತಪ್ಪಿದರೆ, ನಾನು ಕಣ್ಣು ಮುಚ್ಚಿದ ಮೇಲೆ ನಿನಗೆ ಗಂಜಿ ಹಾಕೋರು ಯಾರೋ? ನಾಡಿಗೆಲ್ಲ ಬೆಳಕು ಕೊಡೋ ಜಾಗ ಅದು. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಹೋಗು!”

“ಆಯ್ತವ್ವಾ!”

ಗೇಟಿನಾಚೆಯೇ ಚಪ್ಪಲಿ ಬಿಟ್ಟ. ಕಾವಲುಗಾರ ಕೂಗಿದ: “ಬರಿಗಾಲಲ್ಲಿ ಬರ್ತೀಯೇನಯ್ಯಾ? ತಗೋ ಬೂಟು, ತಗೋ ಟೋಪಿ. ಎಲ್ಲೂ ತೆಗೀಬೇಡ!”

“ಆಯ್ತು ಸ್ವಾಮೀ!”

ಬೂಟು ಟೋಪಿ ಸಮೇತ ಕ್ಯಾಂಟೀನಿನ ಗಣಪತಿ ಗೂಡಿನ ಮುಂದೆ ಹೋಗಿ ನಿಂತ. ದೇವು ಹಣೆ ಚಚ್ಚಿಕೊಂಡ: “ಅಯ್ಯೋ ಪೆದ್ದೇ! ದೊಡ್ಡವರೆದುರು ಹೀಗಾ ನಿಲ್ಲೋದು? ಬೂಟು ಬಿಚ್ಚಿ ಉದ್ದಕ್ಕೆ ಅಡ್ಡಬೀಳಬೇಕು!”

“ಆಯ್ತು ಮಾವಾ!”

ಸಾಹೇಬರನ್ನು ಕಾಣಲು ಸ್ಥಾವರದೊಳಗೆ ಹೋದರೆ ಮನೆಗಿಂತ ದೊಡ್ಡ ಟರ್ಬೈನು, ಗುಂಯ್ ಎನ್ನುತ್ತಿದೆ! ಇದಕ್ಕಿಂತ ದೊಡ್ಡವರು ಯಾರು? ಬೂಟು ಬಿಚ್ಚಿ ಉದ್ದಕ್ಕೆ ಬಿದ್ದ. ಎಂಜಿನಿಯರ್ ಸಾಹೇಬರು ಓಡಿಬಂದರು.

“ಏಳಯ್ಯಾ! ಇದು ಯಂತ್ರ. ಅಲ್ಲಿ ಆ ಗುಮ್ಮಟದೊಳಗೆ ಅಣು ಒಡೆದು ಕಾವು ಹುಟ್ಟುತ್ತೆ. ಕಾವಿಗೆ ನೀರು ಕುದಿದು ಹಬೆಯಾಗುತ್ತೆ, ಹಬೆ ಈ ಚಕ್ರ ತಿರುಗಿಸುತ್ತೆ, ಚಕ್ರ ತಿರುಗಿದರೆ ಕರೆಂಟು. ನೆನಪಿಟ್ಟುಕೋ, ನೀರು ಕುದಿಯದೆ ಇಲ್ಲಿ ಯಾವ ಕೆಲಸವೂ ಆಗೋದಿಲ್ಲ! ಹೋಗು, ಗಿಡಕ್ಕೆ ನೀರು ಹಾಕು, ನೋಡೋಣ.”

“ಆಯ್ತು ಸಾಹೇಬರೇ!”

ಕ್ಯಾಂಟೀನಿನಿಂದ ಕುದಿಯುವ ನೀರು ತಂದ, ದಾಸವಾಳದ ಬುಡಕ್ಕೆ ಸುರಿದ. ಬುಸ್ಸೆಂದು ಹಬೆ!

ಸಾಹೇಬರು ಕೂಗಿದರು: “ತಣ್ಣೀರು ಕಣೋ! ಇನ್ಮೇಲೆ ತಣ್ಣೀರೇ, ತಿಳೀತಾ? ನನ್ನ ತಲೆ ಕೆಟ್ಟುಹೋಯ್ತು. ಒಂದು ಚಾ ತಾ!”

ಹಮ್ಮು ತಣ್ಣೀರಲ್ಲೇ ಚಾಪುಡಿ ಕದಡಿ, ಸಕ್ಕರೆ ಹಾಕಿ ತಂದ. ಸಾಹೇಬರು ಒಂದು ಗುಟುಕು ಕುಡಿದರು. ಹಿಂದೆಯೇ ಬಂದಿದ್ದ ದೇವು, ಕೆಲಸ ಹೋಯಿತೆಂದು ಕಣ್ಣುಮುಚ್ಚಿ ಗಣಪತಿಯನ್ನು ನೆನೆದ.

ಗಣಪತಿಗೆ ಕೇಳಿಸಿತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು: “ಇಂಥ ಜಾಗದಲ್ಲಿ ಹೇಳಿದ್ದನ್ನು ಮೀರದವನೇ ಬೇಕು. ಹೇಳೋ ಮೊದಲು ನಾವು ಯೋಚಿಸಿದರಾಯ್ತು! ಕೆಲಸ ನಿನ್ನದೇ ಕಣೋ. ಓಡು, ನಿಮ್ಮವ್ವನಿಗೆ ತಿಳಿಸು!”

“ಆಯ್ತು ಸಾಹೇಬರೇ!”

ಹೊರಗೆ ಊರಿನ ಬಸ್ಸು ನಿಂತಿತ್ತು. “ಹತ್ತೋ ಹಮ್ಮೂ!” ದೇವು ಕೂಗಿದ.

“ಓಡು ಅಂದಿದ್ದಾರೆ ಮಾವಾ!”

ಬಸ್ಸು ಹೊರಟಿತು. ಹಮ್ಮುವೂ ಹೊರಟ. ಕಿಟಕಿಯಲ್ಲಿದ್ದವರೆಲ್ಲ ನಗುತ್ತಿದ್ದರೆ, ಬಸ್ಸಿನ ಪಕ್ಕದಲ್ಲೇ ಊರತನಕ ಓಡಿದ.