ದೊಡ್ಡ ಗಿಡುಗ ಬಂತೇನೋ?

ನಮ್ಮ ಗುರುಗಳು ಬೊಮ್ಮಯ್ಯನವರು ಕೂರಿಸಿ ಪಾಠ ಹೇಳಿದ್ದು ಕಮ್ಮಿ, ಹುಲ್ಲಿನಲ್ಲಿ ನಡೆಸಿದ್ದೇ ಹೆಚ್ಚು. ಆಶ್ರಮದ ಬೇಲಿ ದಾಟಿದರೆ ಕಾವಲು. ಕಣ್ಣು ಹೋದಷ್ಟು ದೂರ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಮರ. ಈಗ ನನಗೂ ಅವರಷ್ಟೇ ವಯಸ್ಸು. ಆದರೂ ಕಾರ್ತಿಕ ಕಳೆದು ಹುಲ್ಲು ಒಣಗಿತೆಂದರೆ ಸಾಕು, ಅವರ ನೆನಪಾಗುತ್ತದೆ.

ಚಳಿಗಾಲದಲ್ಲಿ ಆ ಕಾವಲಿಗೆ ಒಂದು ದೊಡ್ಡ ಗಿಡುಗ ಬರುತ್ತಿತ್ತು. ಎಲ್ಲಿಂದ ಬರುತ್ತಿತ್ತೋ, ಬೇಸಿಗೆ ಹತ್ತಿರವಾದಂತೆ ಹೊರಟುಹೋಗುತ್ತಿತ್ತು. ಅದು ಬಂದ ದಿನ ಗುರುಗಳು ಒಂದು ಹಳೇ ಪುಸ್ತಕದಲ್ಲಿ ತಾರೀಖು ಹಾಕಿ ‘ಬಂತು’ ಎಂದು ಬರೆಯುತ್ತಿದ್ದರು. ಅವರ ಗುರುಗಳು ಶುರು ಮಾಡಿದ ಪುಸ್ತಕ ಅದು.

ಮೊದಲ ವರ್ಷ ನಾನು ಆಕಾಶದಲ್ಲಿ ಸುತ್ತುವುದನ್ನೆಲ್ಲ ಗಿಡುಗ ಎನ್ನುತ್ತಿದ್ದೆ.

“ಅಗೋ ಗುರುಗಳೇ, ಬಂತು.”

“ಬಾಲ ನೋಡಿದೆಯಾ?”

“ಇಲ್ಲ.”

“ಮತ್ತೇನು ನೋಡಿದೆ, ನಿನ್ನ ತಲೆ? ಬಾಲ ಕವಲಾಗಿದ್ದರೆ ಹದ್ದು. ದೊಡ್ಡ ಗಿಡುಗದ ಬಾಲ ಬೀಸಣಿಗೆ ಥರ, ನಸುಗೆಂಪು. ರೆಕ್ಕೆ ಮಡಚುವ ಕಡೆ, ಅಡಿಯಲ್ಲಿ, ಕಪ್ಪು ಮಚ್ಚೆ. ಹಾವು ಹಿಡಿಯುವ ಗಿಡುಗವೂ ಇದರ ಹಾಗೇ ಗಾಳಿಯಲ್ಲಿ ನಿಂತು ನೆಲ ನೋಡುತ್ತೆ. ಅದಕ್ಕೆ ಮಚ್ಚೆ ಇಲ್ಲ. ಮಚ್ಚೆ ನೋಡದೆ ಬಾಯಿ ಬಿಡಬೇಡ.”

ಬೈಸಿಕೊಂಡೇ ಕಲಿತೆ. ಬಂಡೆಯ ಮೇಲೆ ಕೂತು, ಬಟ್ಟೆಯಲ್ಲಿ ಕಟ್ಟಿಕೊಂಡು ಹೋದ ರೊಟ್ಟಿ ಮುರಿದು ತಿನ್ನುತ್ತಾ, ಮಧ್ಯಾಹ್ನದವರೆಗೂ ಕಾಯುತ್ತಿದ್ದೆವು. ಅಂಥ ಸುಖದ ದಿನಗಳು ನನಗೆ ಮತ್ತೆ ಸಿಗಲಿಲ್ಲ.

ಏಳನೇ ವರ್ಷ ಗುರುಗಳು ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ಏಳಲಿಲ್ಲ. ಕಾವಲಿನ ಕಡೆ ಮುಖ ಬರುವಂತೆ ಜಗಲಿಯಲ್ಲಿ ಮಂಚ ಹಾಕಿಸಿಕೊಂಡರು. ಊಟ ಕಮ್ಮಿಯಾಯಿತು, ಮಾತೂ ಕಮ್ಮಿಯಾಯಿತು. ಆ ಚಳಿಗಾಲ ಗಿಡುಗವೂ ಬರಲಿಲ್ಲ.

ದಿನಾ ಬೆಳಿಗ್ಗೆ ನಾನು ಕಾವಲು ಸುತ್ತಿ ಬಂದ ಕೂಡಲೇ ಒಂದೇ ಪ್ರಶ್ನೆ.

“ಬಂತೇನೋ?”

“ಇಲ್ಲ ಗುರುಗಳೇ.”

ಮುಖ ಆ ಕಡೆ ತಿರುಗಿಸುತ್ತಿದ್ದರು. ಧನುರ್ಮಾಸ ಬಂತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಹೆಚ್ಚು ದಿನ ಇಲ್ಲ ಎಂದರು. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಮರುದಿನ ಬೇಲಿ ದಾಟಿ, ಜಾಲಿ ಮರದ ಕೆಳಗೆ ಸ್ವಲ್ಪ ಹೊತ್ತು ಕೂತು, ಎದ್ದು ಬಂದೆ.

“ಬಂತೇನೋ?”

“ಬಂತು ಗುರುಗಳೇ.”

ಅವರ ಮುಖ ಅರಳಿತು. ಆ ಮುಖವನ್ನು ಇವತ್ತಿಗೂ ಮರೆತಿಲ್ಲ.

“ಬಾಲ?”

“ನಸುಗೆಂಪು. ಬೀಸಣಿಗೆ ಥರ.”

“ಮಚ್ಚೆ?”

“ಎರಡೂ ರೆಕ್ಕೆಗೆ ಇತ್ತು.”

“ಗಾಳಿಯಲ್ಲಿ ನಿಂತಿತ್ತಾ?”

“ನಿಂತಿತ್ತು.”

“ಯಾವ ಕಡೆ ಮುಖ ಮಾಡಿ?”

ಇದನ್ನು ನಾನು ಯೋಚಿಸಿರಲಿಲ್ಲ.

“ಗುಡ್ಡದ ಕಡೆ” ಎಂದೆ.

ಗುರುಗಳು ನನ್ನ ಕೈ ಹಿಡಿದು ತಮ್ಮ ಕೆನ್ನೆಯ ಮೇಲಿಟ್ಟುಕೊಂಡರು. ಕೆನ್ನೆ ತಣ್ಣಗೆ ಕೊರೆಯುತ್ತಿತ್ತು.

“ಗುಡ್ಡ ನನ್ನ ಬೆನ್ನ ಹಿಂದಿದೆ. ಬೆಳಿಗ್ಗೆಯಿಂದ ಗಾಳಿ ಹೊಡೀತಿರೋದು ಮುಖಕ್ಕೆ. ಗಾಳಿಗೆ ಬೆನ್ನು ಕೊಟ್ಟು ಯಾವ ಗಿಡುಗ ನಿಲ್ಲುತ್ತೋ, ಪಾಲಾಕ್ಷ?”

ನಾನು ತಲೆ ತಗ್ಗಿಸಿದೆ. ಅಳು ಬಂತು.

“ತಪ್ಪಾಯ್ತು. ನಿಮಗೆ ಸಮಾಧಾನ ಆಗಲಿ ಅಂತ ಹೇಳಿದೆ.”

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ಪುಸ್ತಕ ತಗೊಂಡು ಬಾ” ಎಂದರು.

ತುಂಬ ಹಿಂದಿನ ಒಂದು ಪುಟ ತೆಗೆಸಿದರು. ಅಲ್ಲೂ ‘ಬಂತು’ ಎಂದಿತ್ತು. ಅಕ್ಷರಗಳು ನಡುಗಿದ್ದವು.

“ನನ್ನ ಗುರುಗಳ ಕೈಬರಹ. ಅವರೂ ಕೊನೆಗಾಲದಲ್ಲಿ ಇದೇ ಜಗಲಿಯಲ್ಲಿ ಮಲಗಿದ್ದರು. ನಾನೂ ನಿನ್ನ ಹಾಗೇ ಸುಳ್ಳು ಹೇಳಿದೆ. ಅವರೂ ಕೇಳಿದರು, ಯಾವ ಕಡೆ ಮುಖ ಅಂತ.”

“ನೀವು ಏನಂದಿರಿ?”

“ನಿನ್ನಷ್ಟು ಪೆದ್ದನಲ್ಲ ನಾನು. ಗಾಳಿ ನೋಡಿಕೊಂಡೇ ಬಂದಿದ್ದೆ.”

ನಕ್ಕರು. ನಗುತ್ತಾ ಕೆಮ್ಮು ಹತ್ತಿತು. ನೀರು ಕುಡಿಸಿದೆ.

“ಅವರಿಗೆ ಖುಷಿಯೋ ಖುಷಿ. ತಾವೇ ಪುಸ್ತಕ ತೆಗೆದು ಬರೆದರು. ಇನ್ನೇನು ಕಾಯೋದು, ಮಂಚ ಒಳಗೆ ಹಾಕಪ್ಪ, ಚಳಿ ಅಂದರು. ಹಾಕಿದೆ. ಮೂರನೇ ದಿನ ಹೋಗಿಬಿಟ್ಟರು.”

“ಸಮಾಧಾನವಾಗಿ ಹೋದರಲ್ಲ, ಗುರುಗಳೇ.”

“ಹೋದರು. ನಾಲ್ಕನೇ ದಿನ ಗಿಡುಗ ಬಂತು. ಈ ಜಗಲಿಯಿಂದಲೇ ಕಾಣುತ್ತಿತ್ತು ಕಣೋ.”

ಅವರ ಕಣ್ಣಲ್ಲಿ ನೀರಿತ್ತು. ನಾನು ಪುಸ್ತಕ ಮುಚ್ಚಿ ತಲೆದಿಂಬಿನ ಪಕ್ಕ ಇಟ್ಟೆ.

ಆಮೇಲೆ ದಿನಾ ಹೋದೆ, ದಿನಾ ಇಲ್ಲ ಎಂದೆ. ಹಾಗೆನ್ನುವಾಗ ಅವರ ಮುಖ ನೋಡುವುದೇ ಕಷ್ಟವಾಗುತ್ತಿತ್ತು. ಆದರೂ ಹೇಳಿದೆ.

ಸಂಕ್ರಾಂತಿಗೆ ಎರಡು ದಿನ ಇತ್ತು. ಕಾವಲಿನ ಆಚೆ ತುದಿಯಲ್ಲಿ, ಹುಲ್ಲಿನ ಮೇಲೆ ದೊಡ್ಡದೊಂದು ಹಕ್ಕಿ ಗಾಳಿಯಲ್ಲಿ ನಿಂತಿತ್ತು. ಎದ್ದೆನೋ ಬಿದ್ದೆನೋ ಅಂತ ಆ ಕಡೆ ಓಡಿದೆ. ಸೂರ್ಯ ನೇರ ಎದುರಿಗಿದ್ದ. ಹಕ್ಕಿ ದಿಬ್ಬದ ಹಿಂದೆ ಇಳಿಯಿತು, ಮತ್ತೆ ಏಳಲಿಲ್ಲ. ಅಲ್ಲಿಂದ ಒಂದೇ ಉಸಿರಿಗೆ ಆಶ್ರಮಕ್ಕೆ ಬಂದೆ.

“ಬಂತೇನೋ?”

“ಹದ್ದಿಗಿಂತ ದೊಡ್ಡದು ಗುರುಗಳೇ. ಬಾಲ ಕವಲಲ್ಲ. ಗಾಳಿಗೆ ಎದುರಾಗಿ ನಿಂತಿತ್ತು.”

“ಮಚ್ಚೆ?”

ಇತ್ತು ಅಂದುಬಿಡಬಹುದಿತ್ತು. ನಾಲಿಗೆ ತುದಿಗೇ ಬಂದಿತ್ತು. ಅವರ ಕಾಲು ಊದಿತ್ತು, ಒಂದೊಂದು ಉಸಿರನ್ನೂ ಕಷ್ಟಪಟ್ಟು ಎಳೆದುಕೊಳ್ಳುತ್ತಿದ್ದರು.

“ಬಿಸಿಲು ಕಣ್ಣಿಗೆ ಹೊಡೀತು, ಕಾಣಲಿಲ್ಲ. ನಮ್ಮ ಗಿಡುಗವೋ, ಹಾವು ಹಿಡಿಯೋದೋ, ಗೊತ್ತಾಗಲಿಲ್ಲ.”

ಗುರುಗಳು ಕಣ್ಣು ಮುಚ್ಚಿಕೊಂಡರು. ಗಾಳಿ ಜೋರಾಯಿತು. ನಾನು ಕಂಬಳಿ ಎಳೆದು ಹೊದಿಸಿದೆ.

“ಚಳಿ ಜಾಸ್ತಿ ಇದೆ. ಮಂಚ ಒಳಗೆ ಹಾಕಲೇ?”

“ಗೊತ್ತಾಗಲಿಲ್ಲ ಅಂತಲೇ ಬರಿ” ಎಂದರು. “ಮಂಚ ಇಲ್ಲೇ ಇರಲಿ.”