ಸಾಣೆ ಹಾಲಪ್ಪ ಕೊರೆದ ಹೆಜ್ಜೆ

ಬಹಳ ಹಿಂದೆ, ಈ ದಾರಿಯ ಹುಣಿಸೆಮರಗಳೆಲ್ಲ ಇನ್ನೂ ಬೀಜದೊಳಗಿದ್ದ ಕಾಲದಲ್ಲಿ, ಕಾಜಿನಗುಡ್ಡ ಅಂತ ಒಂದು ಊರಿತ್ತು. ಊರ ಹಿಂದಿನ ಗುಡ್ಡದ ಮರಳು ಸಕ್ಕರೆಯಷ್ಟು ಬೆಳ್ಳಗಿತ್ತಂತೆ. ಅದನ್ನು ಭಟ್ಟಿಯಲ್ಲಿ ಕರಗಿಸಿ ಗಾಜು ಮಾಡುವುದೇ ಊರವರ ಕಸುಬು. ಬಳೆ ಮಾಡುವವರದು ಒಂದು ಕೇರಿ, ಬಟ್ಟಲು ಊದುವವರದು ಇನ್ನೊಂದು ಕೇರಿ. ಎರಡೂ ಕೇರಿ ಕೂಡುವ ಮೂಲೆಯಲ್ಲಿ ಒಂದೇ ಒಂದು ಮನೆ. ಅದು ಸಾಣೆ ಹಾಲಪ್ಪನದು.

ಹಾಲಪ್ಪ ಗಾಜು ಮಾಡುತ್ತಿರಲಿಲ್ಲ. ಬೇರೆಯವರು ಮಾಡಿದ ಗಾಜಿನ ಮೇಲೆ ಹೆಸರು, ಹೂವು, ಮುದ್ರೆ ಕೂರಿಸುತ್ತಿದ್ದ. ಅವನ ಹೆಂಡತಿ ಮುದ್ದವ್ವ ಸಾಣೆಯ ಹಗ್ಗ ಎಳೆಯುತ್ತಿದ್ದಳು, ಕಲ್ಲು ಗಿರ್ರನೆ ತಿರುಗುತ್ತಿತ್ತು, ಅವನು ಗಾಜನ್ನು ಅದಕ್ಕೆ ಒಡ್ಡುತ್ತಿದ್ದ. ಅವನು ಕೊರೆದ ಮೀನನ್ನು ನೋಡಿ ಒಂದು ಬೆಕ್ಕು ಬಟ್ಟಲಿಗೇ ಪಂಜ ಹಾಕಿತ್ತಂತೆ. ನಿಜವೋ ಸುಳ್ಳೋ, ಆ ಬೆಕ್ಕನ್ನೇ ಕೇಳಬೇಕು. ಹೇಳುವವರು ಹಾಗೆ ಹೇಳುತ್ತಾರೆ.

ಆ ಸೀಮೆಯ ದೊರೆಗೆ ಒಂದು ಒಳ್ಳೆಯ ಪದ್ಧತಿ ಇತ್ತು. ಊರಿಗೆ ಉಪಕಾರ ಮಾಡಿದವರನ್ನು ವರ್ಷಕ್ಕೊಮ್ಮೆ ಸಭೆಗೆ ಕರೆಸಿ, ಬಿರುದಿನ ಗಾಜು ಅಂತ ಒಂದನ್ನು ಕೈಯಾರೆ ಕೊಡುತ್ತಿದ್ದ. ಅದರ ಮೇಲೆ ಅರಮನೆಯ ಕರಡಿ ಮುದ್ರೆ ಇರಬೇಕು. ಆ ಮುದ್ರೆಯನ್ನು ಹೇಗೆ ಕೂರಿಸಬೇಕು ಅನ್ನುವುದು ಮಾತ್ರ ಹಾಲಪ್ಪನ ಪಾಲಿನ ತೀರ್ಮಾನ. ಅದರಲ್ಲೇ ಅವನ ಹೆಚ್ಚುಗಾರಿಕೆ ಇದ್ದದ್ದು.

ಕುಸ್ತಿ ಗೆದ್ದ ಪೈಲ್ವಾನನಿಗೆ ಬಟ್ಟಲು ಕೊಡಬೇಕಾದಾಗ ಹಾಲಪ್ಪ ಮೊದಲು ಗರಡಿಮನೆಗೆ ಹೋದನಂತೆ. ಪೈಲ್ವಾನ ಯಾವ ಪಾತ್ರೆ ಸಿಕ್ಕಿದರೂ ಅದರಲ್ಲಿ ಹಾಲು ಕುಡಿದು, ಬೂದಿ ಹಾಕಿ ತಿಕ್ಕಿ ತೊಳೆಯುತ್ತಿದ್ದ. ಇವನಿಗೆ ಬಂಗಾರದ ರೇಕು ಅಂಟಿಸಿ ಕೊಟ್ಟರೆ ತಿಂಗಳೊಳಗೆ ಕರಡಿ ಹಾಲಿನ ಜೊತೆ ಹೊಟ್ಟೆಗೆ ಹೋದೀತು ಅಂದುಕೊಂಡು, ಬಣ್ಣದಲ್ಲಿ ಬರೆದು ಭಟ್ಟಿಯಲ್ಲಿ ಮತ್ತೆ ಬೇಯಿಸಿದ. ಬಣ್ಣ ಗಾಜಿನೊಳಗೇ ಕೂಡಿಹೋಯಿತು. ಇನ್ನೊಂದು ವರ್ಷ ಕಾಡುದಾರಿಯಲ್ಲಿ ದೀಪ ಹಚ್ಚಿಡುತ್ತಿದ್ದ ಒಬ್ಬ ಮುದುಕನಿಗೆ ಕೊಡುವುದಿತ್ತು. ಅವನಿಗೆ ಗಾಜಿನ ಬುರುಡೆಯನ್ನು ಮರಳಲ್ಲಿ ಉಜ್ಜಿ ಮಂಜು ಹಿಡಿದಂತೆ ಮಾಡಿಕೊಟ್ಟ. ಒಳಗೆ ದೀಪ ಇಟ್ಟರೆ ಮಾತ್ರ ಕರಡಿ ಕಾಣುತ್ತಿತ್ತಂತೆ. ಬಂಗಾರದ ರೇಕು ಯಾರಿಗೆ ಅಂದರೆ, ಕೊಟ್ಟದ್ದನ್ನು ಗೂಡಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುವವರಿಗೆ. ಅವರಿಗೂ ಅದೇ ಸರಿ. ಅದರಲ್ಲಿ ತಪ್ಪೇನಿಲ್ಲ ಅನ್ನುತ್ತಿದ್ದನಂತೆ ಹಾಲಪ್ಪ.

ಹೀಗಿರುವಾಗ ಒಂದು ವರ್ಷ ದೊರೆ, ಈ ಸಲದ ಬಿರುದು ಸೂಲಗಿತ್ತಿ ಹೊನ್ನೂರವ್ವನಿಗೆ ಅಂತ ಹೇಳಿಕಳಿಸಿದ.

ಹೊನ್ನೂರವ್ವ ಯಾರು ಅಂದರೆ, ಆ ಸೀಮೆಯ ಅರ್ಧ ಜನ ಈ ಲೋಕಕ್ಕೆ ಬಂದದ್ದೇ ಅವಳ ಕೈಮೇಲೆ. ದೊರೆಯೂ ಅವಳ ಕೈಮೇಲೇ ಹುಟ್ಟಿದವನು. ಮುದ್ದವ್ವ ಮೂರು ದಿನ ಹೆರಿಗೆ ನೋವು ತಿಂದು, ಇನ್ನು ಉಳಿಯುವುದಿಲ್ಲ ಅಂತ ಎಲ್ಲರೂ ಕೈಬಿಟ್ಟಾಗ ತಾಯಿ ಮಗಳಿಬ್ಬರನ್ನೂ ಉಳಿಸಿಕೊಟ್ಟವಳು ಅವಳು. ಆವತ್ತು ಹಾಲಪ್ಪ ಮೊರದ ತುಂಬ ಅಕ್ಕಿ, ಒಂದು ಸೀರೆ, ಬೆಲ್ಲದಚ್ಚು ಕೊಟ್ಟಿದ್ದ. ಎಲ್ಲರೂ ಕೊಡುವಷ್ಟೇ. ಮಗಳು ಅಂಗಳದಲ್ಲಿ ಓಡಾಡುವುದನ್ನು ನೋಡಿದಾಗೆಲ್ಲ, ಅಷ್ಟು ಸಾಕಾಗಲಿಲ್ಲ ಅಂತ ಅವನಿಗೆ ಅನ್ನಿಸುತ್ತಲೇ ಇತ್ತು.

ದೊರೆ ಈ ಸಲ ಬಟ್ಟಲು ಬೇಡ ಅಂದಿದ್ದ. ಊದುವ ಕೇರಿಯವರು ಒಂಬತ್ತು ದಿನ ಭಟ್ಟಿ ಆರಿಸದೆ, ಸ್ಫಟಿಕದಂಥ ಒಂದು ಗಟ್ಟಿ ಗಾಜಿನ ಇಟ್ಟಿಗೆ ಎರೆದರು. ಬೆಟ್ಟದ ನೀರು ಹೆಪ್ಪುಗಟ್ಟಿದಂತೆ ಇತ್ತಂತೆ ಅದು. ಅಂಥದ್ದು ಮತ್ತೊಂದು ಆಗಲಿಲ್ಲ. ಎರಡನೆಯದು ಆರುವಾಗಲೇ ಸೀಳಿತು. ಅರಮನೆಯ ಪಾರುಪತ್ಯಗಾರ ಅದನ್ನು ಹತ್ತಿಯಲ್ಲಿ ಸುತ್ತಿಸಿಕೊಂಡು ಬಂದು ಹಾಲಪ್ಪನ ಜಗಲಿಯ ಮೇಲಿಟ್ಟ.

“ಮುಂದುಗಡೆ ಅಂಗೈಯಗಲ ಕರಡಿ ಇರ್ಲಿ. ಬಂಗಾರದ ರೇಕು ಹಾಕು. ಸಭೆಯ ಕೊನೇ ಸಾಲಿಗೂ ಹೊಳೀಬೇಕು. ಸಾಣೆಗೆ ಮಾತ್ರ ಒಡ್ಡಬೇಡ. ಒಡೆದ್ರೆ ನಿನ್ನನ್ನೂ ಈ ಊರಲ್ಲಿ ಇಟ್ಕೊಳ್ಳಲ್ಲ” ಅಂದ.

ಅವನು ಹೋದ ಮೇಲೆ ಹಾಲಪ್ಪ, ರೇಕು ಅಂಟಿಸಿದ್ದೊಂದು, ಹೆಸರು ಕೊರೆದದ್ದೊಂದು, ಹೀಗೆ ಎರಡು ಗಾಜಿನ ಬಿಲ್ಲೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊನ್ನೂರವ್ವನ ಮನೆಗೆ ಹೋದ.

ಅಜ್ಜಿ ಜಗಲಿಯಲ್ಲಿ ಕೂತು ನವಣೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳ ಕಣ್ಣು ಹೋಗಿ ಏಳು ವರ್ಷ ಆಗಿತ್ತು. ಬೆರಳು ಮಾತ್ರ ಒಂದು ಕಲ್ಲನ್ನೂ ಬಿಡುತ್ತಿರಲಿಲ್ಲ. ಕಣ್ಣು ಹೋದ ಮೇಲೂ ಅವಳು ನೂರು ಹೆರಿಗೆ ಮಾಡಿಸಿದ್ದಳಂತೆ.

ಹಾಲಪ್ಪ ರೇಕಿನ ಬಿಲ್ಲೆಯನ್ನು ಅವಳ ಕೈಗಿಟ್ಟ. ಅವಳು ಸವರಿ ನೋಡಿ, “ನುಣ್ಣಗೈತೆ. ಏನೂ ಇಲ್ಲವಲ್ಲೋ ಇದರಾಗೆ” ಅಂದಳು.

ಹೆಸರು ಕೊರೆದ ಬಿಲ್ಲೆಯನ್ನು ಕೊಟ್ಟ. ಅದನ್ನು ಬಹಳ ಹೊತ್ತು ಸವರಿದಳು.

“ಇರುವೆ ಸಾಲು ಹೋದಂಗೈತೆ. ನಂಗೆ ಅಕ್ಸರ ಬರಾಕಿಲ್ಲ ಕಣಪ್ಪ.”

ಹಾಲಪ್ಪನಿಗೆ ನಾಚಿಕೆ ಆಯಿತು. ಊರಿಗೆಲ್ಲ ಹೊಳೆಯುವಂಥದ್ದು ಇವಳಿಗೆ ಖಾಲಿ, ಬಲ್ಲವರು ಓದುವಂಥದ್ದು ಇವಳಿಗೆ ಇರುವೆ ಸಾಲು. ಅವನು ಅಲ್ಲೇ ಕೂತು ತಾನೂ ಕಲ್ಲು ಆರಿಸತೊಡಗಿದ. ಆರಿಸುತ್ತ ಆರಿಸುತ್ತ, ಇಷ್ಟೊಂದು ಕೂಸು ಹಿಡಿದಿದ್ದೀಯಲ್ಲ ಅಜ್ಜಿ, ಕೈಗೆ ಎಲ್ಲ ನೆನಪಿರ್ತದಾ ಅಂತ ಕೇಳಿದ.

ಅಜ್ಜಿ ನಕ್ಕು, ಎಲ್ಲ ಎಲ್ಲಿಂದ ಅಂದಳಂತೆ. ಆದರೆ ಒಂದನ್ನು ಮಾತ್ರ ಮರೆತಿಲ್ಲ ಅಂದಳು. ಅವಳ ಮೊದಲನೇ ಕಷ್ಟದ ಹೆರಿಗೆ ಅದು. ಕೂಸು ತಲೆಯ ಬದಲು ಕಾಲು ಮುಂದು ಮಾಡಿ ಬಂತು. ಮೊದಲು ಅವಳ ಅಂಗೈಗೆ ಸಿಕ್ಕಿದ್ದು ಒಂದು ಎಡಗಾಲು. ಅದರ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡಿತ್ತು. ಆ ಕಾಲು ಹಿಡಿದುಕೊಂಡು, ಇದು ತಣ್ಣಗಾಗದಿರಲಿ ತಾಯಿ ಅಂತ ಬೇಡಿಕೊಂಡಳಂತೆ. ಆ ಕೂಸೇ ಈಗಿನ ದೊರೆ.

ಹಾಲಪ್ಪ ಎದ್ದು ಮನೆಗೆ ಬಂದ. ಬಂದವನೇ ಸಾಣೆಯ ಮೇಲೆ ನೀರಿನ ಗಡಿಗೆ ತೂಗುಹಾಕಿದ. ಮುದ್ದವ್ವ ಅವನ ಮುಖ ನೋಡಿಯೇ ತಿಳಿದುಕೊಂಡಳು.

“ಸಾಣೆಗೇ ಒಡ್ತೀಯಾ?”

“ಅವಳ ಬೆರಳಿಗೆ ಸಿಗೋ ಹಂಗೆ ಆಳ ಕೊರೀಬೇಕು. ಬೇರೆ ದಾರಿ ಇಲ್ಲ.”

“ಒಡೆದ್ರೆ?”

“ಊರು ಬಿಡೋಣ. ಒಬ್ಬಳಿಗೆ ಖಾಲಿ ಗಾಜು ಕೊಟ್ಟು ಊರಲ್ಲಿರೋದು ಹೆಂಗೆ?”

ಮುದ್ದವ್ವ ಸೆರಗು ಬಿಗಿದು ಹಗ್ಗ ಹಿಡಿದಳು.

ಆರು ದಿನ ಕೊರೆದರಂತೆ. ಗಾಜು ಕಾಯದಂತೆ ಹನಿಹನಿ ನೀರು ಬೀಳಬೇಕು, ಕಲ್ಲು ಒಂದೇ ಸಮ ತಿರುಗಬೇಕು, ಇಬ್ಬರ ಉಸಿರೂ ಒಂದಾಗಿರಬೇಕು. ಹಸಿಮಣ್ಣಿನಲ್ಲಿ ಕೂಸಿನ ಪಾದ ಒತ್ತಿದಂತೆ ಒಂದು ಹೆಜ್ಜೆ ಮೂಡತೊಡಗಿತು. ಮೊದಲು ಬೆರಳು, ಆಮೇಲೆ ಅಂಗಾಲು. ಆರನೆಯ ದಿನ ಹಿಮ್ಮಡಿಗೆ ಬಂದಾಗ ಹಾಲಪ್ಪ ಕೈ ಹಿಂದಕ್ಕೆ ತೆಗೆದ. ಸರಿಯಾಗಿ ಅದರ ಕೆಳಗೆ, ಸಾಸಿವೆಯಷ್ಟು ಒಂದು ಗಾಳಿಗುಳ್ಳೆ ಇತ್ತು. ಕಲ್ಲು ಅದನ್ನು ಮುಟ್ಟಿದರೆ ಇಡೀ ಗಾಜು ಸೀಳುತ್ತದೆ. ಬಿಟ್ಟರೆ ಹೆಜ್ಜೆ ಅರ್ಧ. ಅವನು ಗೋಡೆಗೆ ಒರಗಿ ಕೂತುಬಿಟ್ಟ.

ಮುದ್ದವ್ವ ಹಗ್ಗ ಬಿಟ್ಟು ಬಂದು ಗಾಜನ್ನು ಬಿಸಿಲಿಗೆ ಹಿಡಿದು ನೋಡಿದಳು.

“ಆಗಷ್ಟೇ ಹುಟ್ಟಿದ ಕೂಸು ನೆಲ ತುಳಿದಿರ್ತದಾ? ನಿನ್ನ ಮಗಳ ಹಿಮ್ಮಡಿ ಮರೆತ್ಯಾ? ಬೆಣ್ಣೆ ಇದ್ದಂಗಿತ್ತು. ಇಲ್ಲಿ ಕಲ್ಲು ಬೇಡ. ಹಸಿ ಮರಳು ಹಾಕಿ ಬೆರಳಲ್ಲೇ ಉಜ್ಜು” ಅಂದಳು.

ಹಾಲಪ್ಪ ಹಾಗೇ ಮಾಡಿದ. ಹಿಮ್ಮಡಿ ಮಂಜಿನ ಹಾಗೆ ಮೆತ್ತಗೆ ಮೂಡಿತು, ಗುಳ್ಳೆ ಅದರ ಕೆಳಗೆ ಮರೆಯಾಯಿತು. ಕರಡಿ ಮುದ್ರೆಯನ್ನು ಅಡಿಭಾಗದಲ್ಲಿ ಕಾಸಿನಗಲ ಕೊರೆದು ಮುಗಿಸಿದ. ಹೆಬ್ಬೆರಳ ಚರ್ಮ ಸವೆದು ಅವನಿಗೆ ಹದಿನೈದು ದಿನ ಅನ್ನ ಕಲಸಲು ಆಗಲಿಲ್ಲವಂತೆ. ಮುದ್ದವ್ವನೇ ತುತ್ತು ಕೊಟ್ಟಳಂತೆ.

ಸಭೆಯ ದಿನ ಬೆಳಗ್ಗೆ ಗಾಜಿನ ಮೇಲಿನ ಬಟ್ಟೆ ತೆಗೆದಾಗ ಪಾರುಪತ್ಯಗಾರನ ಮುಖ ಕಪ್ಪಿಟ್ಟಿತು. ಬಂಗಾರ ಇಲ್ಲ, ಕರಡಿ ಇಲ್ಲ. ಕೊನೇ ಸಾಲಿನವರಿಗೆ ಏನೂ ಕಾಣಲಿಲ್ಲ. ದೊರೆ ಹಾಲಪ್ಪನ ಕಡೆ ತಿರುಗಿ, ನಮ್ಮ ಮುದ್ರೆ ಎಲ್ಲಿ ಅಂತ ಕೇಳಿದ.

“ಅಡಿಯಲ್ಲಿದೆ ಬುದ್ಧಿ. ಮೇಲಿರೋದು ಏನು ಅಂತ ಅಜ್ಜಿಯೇ ಹೇಳಬೇಕು” ಅಂದ ಹಾಲಪ್ಪ.

ಗಾಜನ್ನು ಹೊನ್ನೂರವ್ವನ ಮಡಿಲಲ್ಲಿಟ್ಟರು. ಅವಳು ಅಂಚು ಸವರಿದಳು, ಮುಂದೆ ಹೋದಳು. ಹೆಬ್ಬೆರಳ ಗುಳಿ ಸಿಕ್ಕಿತು. ಒಂದೊಂದೇ ಬೆರಳು ಎಣಿಸುತ್ತ ಕಿರುಬೆರಳಿಗೆ ಬಂದವಳು ಅಲ್ಲೇ ನಿಂತಳು. ಅದು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡಿತ್ತು. ಅವಳು ಇಡೀ ಅಂಗೈಯನ್ನು ಆ ಹೆಜ್ಜೆಯ ಮೇಲೆ ಮುಚ್ಚಿದಳು.

“ಬಂದೆಯಾ ಮಗಾ” ಅಂದಳು. “ಆವತ್ತು ಹಿಂಗೇ ಬಂದಿದ್ದೆ. ತಣ್ಣಗಾಗಿಬಿಟ್ಟೀಯ ಅಂತ ಎಷ್ಟು ಹೆದರಿದ್ದೆ ಗೊತ್ತಾ.”

ದೊರೆಗೆ ಅರ್ಥವಾಯಿತು. ತಾನು ಹುಟ್ಟಿದ ಕಥೆಯನ್ನು ಅವನ ತಾಯಿ ಎಷ್ಟೋ ಸಲ ಹೇಳಿದ್ದಳು. ಅವನು ಗದ್ದುಗೆಯಿಂದ ಇಳಿದು, ಕಾಲಿನ ಜರಿಯ ಮೆಟ್ಟು ಕಳಚಿ, ಅಜ್ಜಿಯ ಮುಂದೆ ಕೂತು ತನ್ನ ಎಡಗಾಲನ್ನು ಅವಳ ಕೈಗೆ ಕೊಟ್ಟನಂತೆ. ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬ ದೊರೆ ಹಾಗೆ ಕೂತದ್ದನ್ನು ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ. ಅವಳು ಆ ಒರಟು ಪಾದವನ್ನೆಲ್ಲ ಸವರಿ, ಬೆಚ್ಚಗಿದೆ ಅಂದಳಂತೆ. ಪಾರುಪತ್ಯಗಾರನೂ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ ಅಂತ ಹೇಳುತ್ತಾರೆ. ಮುದ್ದವ್ವ ಮಗಳ ಕೈ ಹಿಡಿದು ಕಂಬದ ಮರೆಯಲ್ಲಿ ನಿಂತಿದ್ದಳು. ಅಜ್ಜಿಗೆ ಕೊಡಬೇಕಾದದ್ದನ್ನು ಕೊಟ್ಟೆವು ಅಂತ ಹಾಲಪ್ಪನಿಗೆ ಆವತ್ತು ಮೊದಲ ಸಲ ಅನ್ನಿಸಿತಂತೆ.

ದೊರೆಯೂ ಹೋದ, ಹೊನ್ನೂರವ್ವನೂ ಹೋದಳು, ಹಾಲಪ್ಪ ಮುದ್ದವ್ವರೂ ಹೋದರು. ಆ ಗಾಜು ಅಜ್ಜಿಯ ಜೊತೆಗೇ ಮಣ್ಣಿಗೆ ಹೋಯಿತು ಅನ್ನುವವರುಂಟು, ಅರಮನೆಯ ಬಾಣಂತಿ ಕೋಣೆಯಲ್ಲಿ ಬಹಳ ಕಾಲ ಇತ್ತು ಅನ್ನುವವರೂ ಉಂಟು.

ಕಾಜಿನಗುಡ್ಡದ ಕಡೆ ಈಗ ಸಾಣೆ ತಿರುಗುವುದು ಕರೆಂಟಿನಲ್ಲಿ. ಶಾಲೆಯವರು, ಬ್ಯಾಂಕಿನವರು, ಕಂಪನಿಯವರು ತಮ್ಮ ಲಾಂಛನ ಹಿಡಿದುಕೊಂಡು ಬಹುಮಾನದ ಗಾಜು ಮಾಡಿಸಲು ಬರುತ್ತಾರೆ. ಬಂಗಾರದ ಬಣ್ಣವೋ ಕೊರೆಯುವುದೋ ಅಂತ ಅವರು ಕೇಳುವ ಮೊದಲೇ ಅಂಗಡಿಯವರು, ಯಾರಿಗೆ ಕೊಡ್ತೀರಿ, ಅವರು ಏನು ಕೆಲಸ ಮಾಡ್ತಾರೆ ಅಂತ ಕೇಳುತ್ತಾರೆ. ಅವಸರದವರಿಗೆ ಇದು ಹಿಡಿಸುವುದಿಲ್ಲ, ಆದರೂ ಕೇಳುತ್ತಾರೆ. ಕೆಲಸ ಮುಗಿದ ಮೇಲೆ ಡಬ್ಬಿಗೆ ಹಾಕುವ ಮುಂಚೆ ಕಣ್ಣು ಮುಚ್ಚಿಕೊಂಡು ಒಂದು ಸಲ ಗಾಜನ್ನು ಸವರುತ್ತಾರೆ. ಬೆರಳಿಗೆ ಏನೂ ಸಿಗದಿದ್ದರೆ, ಅಡಿಯ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆಯನ್ನಾದರೂ ಕೊರೆದೇ ಕಳಿಸುತ್ತಾರೆ.