ಕೊಟ್ರವ್ವನ ವಿಲ್ಲು, ಹಾಲೇಶನ ಕೈ

ಈ ಕತೆ ಕೇಳಿ ನಗೋರು ನಗ್ರಿ, ನಾನೇನು ಬೇಡ ಅನ್ನಲ್ಲ. ಆದರೆ ಮೊದಲು ನಿಮ್ಮ ನಿಮ್ಮ ಮನೆ ಖಾತೆ ಯಾರ ಹೆಸರಲ್ಲಿದೆ ಅಂತ ನೋಡಿಕೊಂಡು ಬಂದು, ಆಮೇಲೆ ನಗ್ರಿ.

ನಮ್ಮ ಮಂಡಕ್ಕಿ ಭಟ್ಟಿ ಓಣಿಯಲ್ಲಿ ಕೊಟ್ರವ್ವ ಅಂತ ಇದ್ದಳು. ಗಂಡ ಸತ್ತ ಮೇಲೆ ಮಂಡಕ್ಕಿ ಹುರಿದೂ ಹುರಿದೂ ಆ ದುಡಿಮೆಯಲ್ಲೇ ಎರಡಂಕಣದ ಮನೆ ತಗೊಂಡವಳು. ಮಾವನ ಆಸ್ತಿ ಅಲ್ಲ, ಗಂಡನ ಆಸ್ತಿ ಅಲ್ಲ, ಅವಳದೇ. ಮಗಳು ಪೂರ್ಣಿ ಕೊಟ್ಟ ಮನೆಯಲ್ಲಿ ಚೆನ್ನಾಗಿದ್ದಳು. ಮಗ ಹಾಲೇಶ ಮಾತ್ರ, ಏನು ಹೇಳಲಿ, ನಲವತ್ತು ವರ್ಷದ ಗಂಡಸು, ಗೂಳಿ ಹಾಗೆ ಮೈ, ತಲೆಯೊಳಗೆ ಬರೀ ಮಂಡಕ್ಕಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಮಳೆ ಬಂದರೆ ಭತ್ತ ಒಳಗೆ ತಾ ಅಂದರೆ, ಮೋಡ ನೋಡುತ್ತಾ ಕೂತು, ಭತ್ತ ಪೂರಾ ನೆನೆದ ಮೇಲೆ ತರೋನು.

ಕೊಟ್ರವ್ವನಿಗೆ ಒಂದೇ ಸಂಕಟ. ತಾನು ಕಣ್ಣು ಮುಚ್ಚಿದ ಮರುದಿನವೇ ಮೈದುನ ಚನ್ನವೀರಪ್ಪ ಈ ಹುಡುಗನನ್ನ ಬೀದಿಗೆ ಹಾಕಿ ಬೀಗ ಜಡಿತಾನೆ ಅಂತ. ಸುಳ್ಳಲ್ಲ. ಆ ಮನುಷ್ಯ ಅತ್ತಿಗೆ ಮನೆಗೆ ಬಂದರೆ ಕೊಟ್ಟ ನೀರು ಕುಡಿಯೋಕೆ ಮುಂಚೆ ಗೋಡೆ ಬಡಿದು ನೋಡೋನು.

ಪತ್ರ ಬರೆಯೋ ಶಾಮಣ್ಣನ ಹತ್ತಿರ ಹೋದಳು. ಅವನು ವಿಲ್ಲು ಮಾಡಿಸವ್ವ ಅಂದ. ಹಾಲೇಶ ಬದುಕಿರೋ ತನಕ ಅವನನ್ನ ಆ ಮನೆಯಿಂದ ಎಬ್ಬಿಸೋ ಹಕ್ಕು ಯಾರಿಗೂ ಇಲ್ಲ, ಅವನ ತರುವಾಯ ಮನೆ ಪೂರ್ಣಿಗೆ ಅಂತ ಬರೆಯೋಣ. ಇಬ್ಬರು ಸಾಕ್ಷಿ ಬೇಕು, ಆ ಮನೆಯಿಂದ ಏನೂ ಸಿಗದವರು ಆದರೆ ಒಳ್ಳೇದು ಅಂದ. ಕೊಟ್ರವ್ವ ಮಗನನ್ನ ಕಳಿಸಿದಳು. "ನಮ್ಮ ಮನೆಯಿಂದ ಏನೂ ಸಿಗದವರನ್ನ ಕರಕೊಂಡು ಬಾ."

"ಆಗಲಿ ಅವ್ವಾ" ಅಂದ.

ಹೋದ, ಚಾ ಅಂಗಡಿ ಮುಂದೆ ನಿಂತ. ಅವ್ವ ವಿಲ್ಲು ಬರೆಸ್ತಿದಾಳೆ, ನಿಮಗ್ಯಾರಿಗೂ ಅದರಲ್ಲಿ ಏನೂ ಇಲ್ಲ, ಎಲ್ಲರೂ ಬರ್ರಿ ಅಂತ ಕೂಗಿದ. ಬಂದರು ನೋಡ್ರಿ! ಮೂವತ್ತು ಜನ. ಬಸ್ಸಿಗೆ ಕಾಯ್ತಿದ್ದ ಪರವೂರಿನೋನೂ ಬಂದ. ಅವರಲ್ಲಿ ಇಬ್ಬರು ಮರ್ಯಾದಸ್ಥರ ಸಹಿ ಹಾಕಿಸಿ ಕೆಲಸ ಮುಗಿಸಿದರು. ಆದರೆ ಸುದ್ದಿ ಸಂಜೆಯೊಳಗೆ ಚನ್ನವೀರಪ್ಪನ ಕಿವಿಗೆ ಬಿತ್ತು.

ಕೊಟ್ರವ್ವ ಹಣೆ ಹಣೆ ಬಡಕೊಂಡಳು. "ಮನೆ ಕಾಗದದ ವಿಷಯ ಬೀದಿಯವರಿಗೆ ಹೇಳ್ತಾರೇನೋ ಮುಠ್ಠಾಳ? ಮನೆಯವರಿಗೆ ಮಾತ್ರ ತೋರಿಸಬೇಕು."

"ಆಗಲಿ ಅವ್ವಾ" ಅಂದ.

ಮೂರನೇ ದಿನ ಅವಳು ಭತ್ತ ತರೋಕೆ ಹೋಗಿದ್ದಾಗ ಚನ್ನವೀರಪ್ಪ ಬಂದ. ಕೈಯಲ್ಲಿ ಬೆಣ್ಣೆ ಬಿಸ್ಕತ್ತು. ಇಷ್ಟು ವರ್ಷ ಆ ಹುಡುಗನಿಗೆ ಒಂದು ತುಂಡು ಬೆಲ್ಲ ಕೊಟ್ಟವನಲ್ಲ. ಮೈ ಉರಿಯುತ್ತೆ ನನಗೆ. ಕಾಗದ ತೋರಿಸು ಮಗನೇ ಅಂದ. ಚಿಕ್ಕಪ್ಪ ಅಂದರೆ ಮನೆಯವನೇ ಅಲ್ಲವೇ? ಹಾಲೇಶ ಪೆಟ್ಟಿಗೆ ತೆಗೆದು ಕೊಟ್ಟ. ಆ ಧರ್ಮರಾಯ ಓದಿ, ಮಡಿಸಿ, ಉರಿಯೋ ಭಟ್ಟಿಗೆ ಹಾಕಿ, ಉಳಿದ ಬಿಸ್ಕತ್ತು ವಾಪಸ್ ತಗೊಂಡು ಹೋದ.

ಕೊಟ್ರವ್ವ ಅತ್ತಳು. ಶಾಮಣ್ಣನೇ ಸಮಾಧಾನ ಮಾಡಿದ. ನೀನು ಬದುಕಿರೋ ತನಕ, ಬುದ್ಧಿ ನೆಟ್ಟಗಿರೋ ತನಕ, ಎಷ್ಟು ಸಲ ಬೇಕಾದರೂ ಬರೆಯಬಹುದು, ಕೊನೇದೇ ನಿಲ್ಲೋದು. ಈ ಸಲ ರಿಜಿಸ್ಟರ್ ಮಾಡಿಸೋಣ, ಅಲ್ಲಿ ನಕಲು ಉಳಿಯುತ್ತೆ, ಯಾರ ಭಟ್ಟಿಗೂ ಸಿಗಲ್ಲ ಅಂದ. ಅವಳು ಮಗನ ಕಿವಿ ಹಿಂಡಿ ಹೇಳಿದಳು. "ಇನ್ನು ಮೇಲೆ ಕಾಗದ ಯಾರೇ ಕೇಳಲಿ, ಸುಟ್ಟುಹೋಯ್ತು ಅನ್ನು."

"ಆಗಲಿ ಅವ್ವಾ" ಅಂದ.

ರಿಜಿಸ್ಟ್ರಾರ್ ಆಫೀಸಿನಲ್ಲಿ ಕಾಗದಗಳ ಚೀಲ ಹಾಲೇಶನ ಕಂಕುಳಲ್ಲಿ. ಸಾಹೇಬರು ಕಾಗದ ಎಲ್ಲಿ ಅಂದರು. ಸುಟ್ಟುಹೋಯ್ತು ಅಂದ. ಆಧಾರ್ ಕಾರ್ಡು ಎಲ್ಲಿ ಅಂದರು. ಸುಟ್ಟುಹೋಯ್ತು ಅಂದ. ನಿಮ್ಮ ಮನೆಯಾದರೂ ಇದೆಯೇನಪ್ಪ ಅಂತ ಸಾಹೇಬರು ಕೇಳಿದರಂತೆ. ಇಬ್ಬರು ಹಿಡಿದು, ಕಚಗುಳಿ ಇಟ್ಟು ಚೀಲ ಬಿಡಿಸಿದರು. ಅಂತೂ ಕೊಟ್ರವ್ವ ನಾಲ್ಕನೇ ಕ್ಲಾಸಿನಲ್ಲಿ ಕಲಿತ ದುಂಡನೆ ಅಕ್ಷರದಲ್ಲಿ ಸಹಿ ಹಾಕಿದಳು, ರಿಜಿಸ್ಟರ್ ಆಯ್ತು. ಹೊರಡುವಾಗ ಅಲ್ಲಿನ ಗುಮಾಸ್ತ ಹಾಲೇಶನಿಗೆ ಬಿಡಿಸಿ ಹೇಳಿದ. ಅವ್ವ ಇರೋ ತನಕ ಈ ಕಾಗದಕ್ಕೆ ಜೀವ ಇಲ್ಲಪ್ಪ; ಅವ್ವ ತೀರಿಕೊಂಡ ಮೇಲೆ ಪುರಸಭೆಯಿಂದ ಮರಣದ ಸರ್ಟಿಫಿಕೇಟ್ ತರಬೇಕು, ಆಗ ಇದು ನಡೆಯೋದು ಅಂತ.

ದಾರಿಯಲ್ಲಿ ಕೊಟ್ರವ್ವ ಬೈದೇ ಬೈದಳು. "ಆಫೀಸಿನವರು ತಾ ಅಂದಿದ್ದನ್ನ ಸುಮ್ಮನೆ ತಂದುಕೊಡಬೇಕು, ತಿಳೀತಾ?"

"ಆಗಲಿ ಅವ್ವಾ" ಅಂದ.

ಮರುದಿನ ಪುರಸಭೆ ಬಾಗಿಲು ತೆಗೆಯೋದೇ ತಡ, ಒಳಗೆ ಹೋಗಿ ನಮ್ಮ ಅವ್ವ ತೀರಿಕೊಂಡಳು, ಸರ್ಟಿಫಿಕೇಟ್ ಕೊಡ್ರಿ ಅಂದ. ಯಾವಾಗ ಅಂದರು. ಇವತ್ತೇ ಅಂದ. ಮಣ್ಣು ಯಾವಾಗ ಅಂದರು. ಅವ್ವನನ್ನ ಕೇಳಿ ಹೇಳ್ತೀನಿ ಅಂದ. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡ ಜವಾನ ಓಣಿಗೆ ಸುದ್ದಿ ಮುಟ್ಟಿಸಿದ.

ನಾವೆಲ್ಲ ಸೆರಗು ಬಾಯಿಗೆ ಹಿಡಿದು ಓಡಿದೆವು. ನಮಗಿಂತ ಮುಂಚೆ ಬಂದಿದ್ದ ಚನ್ನವೀರಪ್ಪ. ಒಂದು ಕೈಯಲ್ಲಿ ಹೊಸ ಬೀಗ, ಇನ್ನೊಂದು ಕೈಯಲ್ಲಿ ಒಂದು ಕಾಗದ. ಒಳಗೆ ಹೋಗಿ ಹೆಣದ ಮುಖ ನೋಡಬೇಕು ಅಂತಲೂ ಅನ್ನಿಸಲಿಲ್ಲ ಅವನಿಗೆ. ಕಟ್ಟೆ ಮೇಲೆ ನಿಂತು ಓದಿದ. ಅತ್ತಿಗೆ ಮನಸ್ಸು ಬದಲಾಯಿಸಿ, ಹಳೇದೆಲ್ಲ ರದ್ದು ಮಾಡಿ, ಮನೆಯನ್ನ ತನಗೇ ಬರೆದು ಹೆಬ್ಬೆಟ್ಟು ಒತ್ತಿದ್ದಾಳಂತೆ. ಅದಕ್ಕೆ ಸಾಕ್ಷಿ ಹಾಕಿದ್ದ ಇಬ್ಬರೂ ಪಕ್ಕದಲ್ಲೇ ನಿಂತು ಹೂಂಗುಟ್ಟಿದರು. ಹೆಸರು ಹೇಳಲ್ಲ. ಒಬ್ಬನ ಮಗಳ ಮದುವೆಗೆ ಕೊಟ್ರವ್ವ ನಾಲ್ಕು ಮೂಟೆ ಮಂಡಕ್ಕಿ ಪುಕ್ಕಟೆ ಕೊಟ್ಟಿದ್ದಳು, ಅಷ್ಟು ಹೇಳಿದರೆ ಓಣಿಗೆ ಗೊತ್ತಾಗುತ್ತೆ.

ಅಷ್ಟರಲ್ಲಿ ಹಿತ್ತಲಿನ ಭಟ್ಟಿಯಿಂದ ಕೊಟ್ರವ್ವ ಬಂದಳು. ಮೈಯೆಲ್ಲ ಹೊಟ್ಟು, ಕೈಯಲ್ಲಿ ಜರಡಿ.

"ಇನ್ನೊಂದು ಸಲ ಓದು ಚನ್ನವೀರಪ್ಪಾ. ನಾನೇನು ಬರೆದಿದ್ದೀನಿ ಅಂತ ನನಗೂ ಗೊತ್ತಾಗಲಿ. ಮತ್ತೆ, ಸಹಿ ಹಾಕೋಳು ನಾನು, ಹೆಬ್ಬೆಟ್ಟು ಯಾರದಪ್ಪಾ? ನಿನ್ನದಾ, ನಿನ್ನ ಹೆಂಡತೀದಾ?"

ಬೀಗ ಅಲ್ಲೇ ಬಿತ್ತು. ಕಾಗದ ನಾನೇ ಕಿತ್ತುಕೊಂಡು, ಸುದ್ದಿ ಕೇಳಿ ಓಡಿ ಬಂದಿದ್ದ ಶಾಮಣ್ಣನ ಕೈಗೆ ಕೊಟ್ಟೆ. ಪೊಲೀಸರಿಗೆ ಕೊಡ್ತೀನಿ ಅಂತ ಅವನು ಅಂದಿದ್ದೇ ತಡ, ಚನ್ನವೀರಪ್ಪ ಹೋದವನು ಮತ್ತೆ ಆ ಓಣಿಗೆ ಕಾಲಿಡಲಿಲ್ಲ. ಬುದ್ಧಿವಂತನಂತೆ ಅವನು! ಓಣಿಯವರು ಪೆದ್ದ ಅನ್ನೋದು ಹಾಲೇಶನನ್ನ.

ಆದರೂ ತಾಯಿಗೆ ಸಿಟ್ಟು ಬರದೇ ಇರುತ್ತಾ? ಜರಡಿಯಲ್ಲೇ ನಾಲ್ಕು ಬಾರಿಸಿ ಹೇಳಿದಳು. "ಇನ್ನೊಂದು ಸಲ ನಾನು ಸತ್ತೆ ಅಂತ ಸಾರಿದರೆ ನೋಡು. ನನ್ನ ಬಾಯಿಂದಲೇ ಕೇಳೋ ತನಕ ಯಾರಿಗೂ ಹೇಳಕೂಡದು."

"ಆಗಲಿ ಅವ್ವಾ" ಅಂದ.

ಇದಾಗಿ ಆರು ವರ್ಷಕ್ಕೆ ಕೊಟ್ರವ್ವನ ದಿನ ತುಂಬಿತು. ರಿಜಿಸ್ಟರ್ ಆದ ಕಾಗದ ನಿಂತಿತು, ಮನೆಯಲ್ಲಿ ಇವತ್ತಿಗೂ ಹಾಲೇಶನೇ ಇದ್ದಾನೆ, ಪೂರ್ಣಿ ವಾರಕ್ಕೊಮ್ಮೆ ಬಂದು ಹೋಗ್ತಾಳೆ. ಅದೆಲ್ಲ ಆಮೇಲಿನ ಮಾತು. ಆವತ್ತು ಬೆಳಿಗ್ಗೆ ಕೊಟ್ರವ್ವನ ಭಟ್ಟಿಯಲ್ಲಿ ಹೊಗೆ ಕಾಣಲಿಲ್ಲ. ಏನಪ್ಪಾ ಅಂತ ನಾನೇ ಹೋದೆ. ಕೊಟ್ರವ್ವ ಚಾಪೆ ಮೇಲೆ ಮಲಗಿದ್ದಳು, ಗಲ್ಲದವರೆಗೂ ಕಂಬಳಿ. ಹಾಲೇಶ ಅವಳ ಬಾಯಿ ಹತ್ತಿರ ಕಿವಿ ಇಟ್ಟುಕೊಂಡು ಕೂತಿದ್ದ. ಕಾಲು ಮುಟ್ಟಿ ನೋಡಿದೆ. ತಣ್ಣಗಿತ್ತು.

ಅಯ್ಯೋ ಅಂತ ನಾನು ಬಾಯಿ ತೆಗೆಯೋದರೊಳಗೆ ಅವನು ಸುಮ್ಮನಿರು ಅಂತ ಕೈ ಮಾಡಿದ.

"ಗದ್ದಲ ಮಾಡಬೇಡ ದೊಡ್ಡವ್ವಾ, ಕೇಳಿಸಲ್ಲ. ಕೋಳಿ ಕೂಗಿದಾಗಿಂದ ಕೇಳ್ತಾನೇ ಇದೀನಿ, ಅವ್ವ ಇನ್ನೂ ಹೇಳಿಲ್ಲ. ನೀನು ಮನೆಗೆ ಹೋಗಿರು. ಅವಳು ಹೇಳಿದ ಕೂಡಲೇ ಮೊದಲು ನಿನಗೇ ಬಂದು ಹೇಳ್ತೀನಿ."